ಶೌಚಾಲಯದ ಬಾಗಿಲಲ್ಲಿ ನಮ್ಮ ಮಕ್ಕಳು

ಈದ್‌ನ ಮರುದಿನ ಶಿರಾಡಿ ಘಾಟಿ ಹತ್ತಿ ಸಕಲೇಶಪುರದ ಕಡೆಗೆ ಹೋಗುವುದು ಕರಾವಳಿಯ ಅನೇಕ ಕುಟುಂಬಗಳಿಗೆ ಈಗೀಗ ರೂಢಿಯಾಗಿದೆ. ನಾವೂ ಹೋಗಿದ್ದೆವು. ಎರಡು ವಾಹನ, ಹದಿನಾಲ್ಕು ಮಂದಿ, ಅವರಲ್ಲಿ ಆರು ಮಕ್ಕಳು. ಬಿರಿಯಾನಿಯ ಪಾತ್ರೆ, ಚಾಪೆ, ನೀರಿನ ಕ್ಯಾನು, ಮಕ್ಕಳ ಸ್ವೆಟರು, ಘಾಟಿಯ ತಿರುವಿನಲ್ಲಿ ವಾಂತಿಯಾದರೆ ಮೂಸಲು ಲಿಂಬೆಹಣ್ಣು ಎಲ್ಲವನ್ನೂ ಹಿಂದಿನ ರಾತ್ರಿಯೇ ಪಟ್ಟಿ ಮಾಡಿ ತುಂಬಿಸಿಕೊಂಡಿದ್ದೆವು. ಆದರೆ ಈ ಆರು ಮಕ್ಕಳು ದಾರಿಯಲ್ಲಿ ಎಲ್ಲಿ ಮೂತ್ರಕ್ಕೆ ಹೋಗುತ್ತಾರೆ, ಯಾರು ಕರೆದೊಯ್ಯುತ್ತಾರೆ ಎಂಬುದು ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಘಾಟಿ ಹತ್ತಿದ ಮೇಲೆ ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ಚಹಾಕ್ಕೆ ನಿಂತೆವು. ತಂಗಿಯ ಆರು ವರ್ಷದ ಮಗ ಅವಸರವೆಂದ. ತಂಗಿ ಅವನನ್ನು ಮಹಿಳೆಯರ ಕಡೆಗೆ ಕರೆದೊಯ್ಯಲು ಎದ್ದಾಗ ನಮ್ಮ ಹಿರಿಯರೊಬ್ಬರು ತಡೆದರು. "ಗಂಡು ಮಗು, ಇಷ್ಟು ದೊಡ್ಡವನಾದ ಮೇಲೆ ಹೆಂಗಸರ ಕಡೆ ಯಾಕಮ್ಮಾ? ಅವನೇ ಹೋಗಿ ಬರುತ್ತಾನೆ" ಎಂದರು. ಭಾವ ಹಣ ಪಾವತಿಸುವುದರಲ್ಲಿದ್ದರು. ಹುಡುಗ ಒಬ್ಬನೇ ಹೋದ. ಹತ್ತು ನಿಮಿಷವಾದರೂ ಬರಲಿಲ್ಲ. ಎದ್ದು ಹೋಗಿ ನೋಡಿದರೆ ಒಳಗೆ ಇರಲಿಲ್ಲ. ಆ ಶೌಚಾಲಯಕ್ಕೆ ಹಿಂಬದಿಯಲ್ಲಿ ಇನ್ನೊಂದು ಬಾಗಿಲಿತ್ತು. ಅದು ಲಾರಿಗಳು ನಿಲ್ಲುವ ಜಾಗಕ್ಕೆ ತೆರೆದುಕೊಳ್ಳುತ್ತಿತ್ತು. ಲಾರಿ ಚಾಲಕರೊಬ್ಬರು ಹುಡುಗನ ಕೈ ಹಿಡಿದು ಸುತ್ತು ಬಳಸಿ ಕರೆತಂದರು. "ಸಾಬ್ರೇ, ಗಾಡಿ ಹಿಂದಕ್ಕೆ ತೆಗೀತಿದ್ದೆ, ಚಕ್ರದ ಪಕ್ಕ ನಿಂತಿದ್ದ. ಇಷ್ಟು ಚಿಕ್ಕವನ್ನ ಒಬ್ನೇ ಬಿಡೋದಾ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಬಳಿಕ ನಡೆದುದನ್ನು ಹೇಳಲು ನಮಗೆ ನಾಚಿಕೆಯಾಗುತ್ತದೆ. ಬೈಗುಳ ಸಿಕ್ಕಿದ್ದು ಮಗುವಿಗೆ. ಹೋದ ಬಾಗಿಲಿನಿಂದಲೇ ಬರಬಾರದಿತ್ತೇ ಎಂದು ಎಲ್ಲರೂ ಒಂದೊಂದು ಮಾತು ಹೇಳಿದೆವು. ಚಾಲಕರಿಗೆ ಧನ್ಯವಾದ ಹೇಳಿ, ಅಲ್ಲಾಹನನ್ನು ಸ್ತುತಿಸಿ ವಾಹನ ಹತ್ತಿದೆವು. ಮಗು ಯಾಕೆ ಆ ಬಾಗಿಲಿನಿಂದ ಹೊರಗೆ ಹೋಯಿತು ಎಂದು ಕೇಳುವ ವ್ಯವಧಾನ ಒಬ್ಬರಿಗೂ ಇರಲಿಲ್ಲ. ರಾತ್ರಿ ತಾಯಿ ಕೇಳಿದಾಗ ಅವನು ಹೇಳಿದ್ದಿಷ್ಟು: ಒಳಗೆ ದೊಡ್ಡವರೆಲ್ಲ ಸಾಲಾಗಿ ನಿಂತಿದ್ದರು, ಅವರ ನಡುವೆ ನಿಲ್ಲಲು ನಾಚಿಕೆಯಾಯಿತು, ಹೊರಗೆ ಗೋಡೆಯ ಬಳಿ ಯಾರೂ ಇರಲಿಲ್ಲ, ಅಲ್ಲಿಗೆ ಹೋದೆ.

ಮರ್ಯಾದೆ, ನಾಚಿಕೆ, ಹಯಾ ಎಂದು ನಾವು ದಿನವೂ ಮಕ್ಕಳಿಗೆ ಬೋಧಿಸುತ್ತೇವೆ. ಆ ಮಗು ಅದನ್ನೇ ಪಾಲಿಸಿತ್ತು. ಅದಕ್ಕೆ ತಕ್ಕ ಏರ್ಪಾಡು ಮಾಡದವರು ನಾವು.

ಇದು ನಮ್ಮ ಒಂದು ಮನೆಯ ಕಥೆ ಮಾತ್ರ ಎಂದು ನಮಗನಿಸುವುದಿಲ್ಲ. ಮಂಜರಾಬಾದ್ ಕೋಟೆಯನ್ನೇ ತೆಗೆದುಕೊಳ್ಳಿ. ಟಿಪ್ಪು ಸುಲ್ತಾನರ ಕಾಲದಲ್ಲಿ ಕಟ್ಟಲಾಗಿ 1792ರಲ್ಲಿ ಪೂರ್ಣಗೊಂಡ, ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆ ಅದು. ಹೆದ್ದಾರಿಯಿಂದ ಕೂಗಳತೆಯಲ್ಲಿದೆ. ರಜಾದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇನ್ನೂರಕ್ಕೂ ಮಿಕ್ಕ ಮೆಟ್ಟಿಲು ಹತ್ತಿ ಮೇಲೆ ಹೋದ ಬಳಿಕ ಮಗು ಮೂತ್ರವೆಂದರೆ ಏನು ಮಾಡುವುದು? ಹೆಚ್ಚಿನವರು ಮಾಡುವುದು ಒಂದೇ ಕೆಲಸ. ನಡುವಿನ ಕೊಳದ ಬಳಿಯ ಮದ್ದಿನ ಕೋಣೆಗಳ ಕಡೆಗೋ ಗೋಡೆಯ ಮೂಲೆಗೋ ಬೆರಳು ತೋರಿಸಿ, "ಅಲ್ಲಿ ಹೋಗಿ ಬಾ" ಎನ್ನುತ್ತಾರೆ. ಹಗಲಲ್ಲೂ ಕತ್ತಲಿರುವ ಆ ಕೋಣೆಗಳಲ್ಲಿ ಯಾರಿದ್ದಾರೆ, ನೆಲ ಹೇಗಿದೆ ಎಂದು ನೋಡುವವರಿಲ್ಲ. ಟಿಪ್ಪುವಿನ ಹೆಸರೆತ್ತಿದರೆ ಎದೆಯುಬ್ಬಿಸುವ ನಮ್ಮ ಯುವಕರೂ ಅವರು ಕಟ್ಟಿಸಿದ ಕೋಟೆಯ ಮೂಲೆಯನ್ನು ಮೂತ್ರಿಯಾಗಿಸುವುದರಲ್ಲಿ ಹಿಂದೆ ಬೀಳುವುದಿಲ್ಲವೆಂಬುದು ಬೇರೆ ಮಾತು.

ಕೋಟೆಯಲ್ಲಿ ಮೂಲೆಯಾದರೆ ದಾರಿಯಲ್ಲಿ ಕಾಫಿ ಗಿಡದ ಮರೆ. ಬಿಸಿಲೆ ಘಾಟಿಯ ಕಡೆಗೋ, ಆಲೂರಿನಿಂದ ಕೆಂಚಮ್ಮನ ಹೊಸಕೋಟೆಯ ಕಡೆಗೋ ಹೋದರೆ ಮೈಲುಗಟ್ಟಲೆ ಅಂಗಡಿಯೂ ಸಿಗುವುದಿಲ್ಲ. ವಾಹನ ನಿಲ್ಲಿಸಿ ಮಗುವನ್ನು ತೋಟದೊಳಕ್ಕೆ ಕಳುಹಿಸುವುದು ನಮಗೆ ಸಹಜವೆನಿಸಿದೆ. ಆದರೆ ಈ ಎರಡು ತಾಲೂಕುಗಳು ಕಾಡಾನೆಗಳ ಹಾವಳಿಗೆ ಹೆಸರಾದವು. 2014ರ ಆಸುಪಾಸಿನಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಸಮಸ್ಯೆ ಮುಗಿಯಲಿಲ್ಲ. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಂದಿಗೆ ಸೆಣಸಿ ಪ್ರಾಣ ಬಿಟ್ಟಿದ್ದು ಇದೇ ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ. ಅಂಥ ಆನೆಯೇ ಉಳಿಯದ ಕಾಡಂಚಿಗೆ ಐದು ವರ್ಷದ ಮಗುವನ್ನು ಒಂಟಿಯಾಗಿ ಕಳುಹಿಸಿ, ನಾವು ವಾಹನದ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತೇವೆ. ಸ್ಥಳೀಯ ಕೂಲಿ ಕಾರ್ಮಿಕರು ಆನೆಯ ಸುದ್ದಿ ಕೇಳದೆ ತೋಟಕ್ಕೆ ಇಳಿಯುವುದಿಲ್ಲ. ಹೊರಗಿನಿಂದ ಬಂದ ನಮಗೆ ಆ ಅರಿವಿಲ್ಲ. ಮಳೆಗಾಲದಲ್ಲಾದರೆ ಇಂಬಳಗಳ ಕಾಟ ಬೇರೆ.

ಘಾಟಿ ಮುಚ್ಚಿಕೊಂಡಾಗ ಈ ಸಂಕಟ ಇಮ್ಮಡಿಸುತ್ತದೆ. 2018ರ ಆಗಸ್ಟ್‌ನಲ್ಲಿ, ಮತ್ತೆ 2024ರ ಜುಲೈನಲ್ಲಿ ಸಕಲೇಶಪುರದ ಸಮೀಪದ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದಾಗ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತದ್ದು ಓದುಗರಿಗೆ ನೆನಪಿರಬಹುದು. ಅಂಥ ಸಾಲಿನಲ್ಲಿ ಸಿಲುಕಿದ ಹೆಂಗಸರೂ ಮಕ್ಕಳೂ ಏನು ಮಾಡಿದರು? ಪತ್ರಿಕೆಗಳು ಮಣ್ಣಿನ ರಾಶಿಯ ಚಿತ್ರ ಹಾಕುತ್ತವೆ, ಟನ್ನುಗಳ ಲೆಕ್ಕ ಕೊಡುತ್ತವೆ. ಈ ಪ್ರಶ್ನೆಯನ್ನು ಕೇಳುವುದಿಲ್ಲ. ನೀರು ಕುಡಿದರೆ ತೊಂದರೆಯೆಂದು ಬೆಳಗಿನಿಂದ ಸಂಜೆಯವರೆಗೆ ಬಾಯಾರಿಕೊಂಡೇ ಪ್ರಯಾಣಿಸುವ ತಾಯಂದಿರು ನಮ್ಮ ಪ್ರತಿಯೊಂದು ಮನೆಯಲ್ಲೂ ಇದ್ದಾರೆ. ಅವರು ಮಕ್ಕಳಿಗೂ ಅದನ್ನೇ ಅಭ್ಯಾಸ ಮಾಡಿಸುತ್ತಾರೆ. ಮೂತ್ರ ತಡೆಹಿಡಿಯುವುದೂ ನೀರು ಬಿಡುವುದೂ ಸೇರಿ ಮೂತ್ರನಾಳದ ಸೋಂಕಿಗೆ ದಾರಿಯಾಗುತ್ತದೆಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ವಿಶೇಷವಾಗಿ ಹೆಣ್ಣು ಮಕ್ಕಳಲ್ಲಿ.

ಈಗ ನಮ್ಮ ಹಿರಿಯರ ಆ ಮಾತಿಗೆ ಬರೋಣ. ಗಂಡು ಮಗುವಿಗೆ ಏನಾಗುತ್ತದೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಹೆಣ್ಣು ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವರು ಗಂಡು ಮಗುವನ್ನು ಊರೆಲ್ಲ ಸುತ್ತಲು ಬಿಡುತ್ತಾರೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿದರೆ ಈ ಭಾವನೆ ಎಷ್ಟು ಪೊಳ್ಳು ಎಂಬುದು ತಿಳಿಯುತ್ತದೆ. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ತಯಾರಿಸಿದ ಆ ವರದಿಯಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಶೋಷಣೆಗೆ ಒಳಗಾದುದಾಗಿ ಹೇಳಿದ್ದರು. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಗಂಡು ಮಕ್ಕಳು. ಇನ್ನೊಂದು ಅಂಶವೂ ಅದರಲ್ಲಿತ್ತು. ಶೋಷಿಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಇತ್ತೀಚಿನ ವರ್ಷಗಳ ಅಂಕಿಗಳು ಇನ್ನೂ ಮುಂದೆ ಹೋಗುತ್ತವೆ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಪರಿಚಿತ.

ಇದನ್ನು ಪ್ರವಾಸಕ್ಕೆ ಅನ್ವಯಿಸಿ ನೋಡಿ. ಮಗು ಮೂತ್ರವೆಂದಾಗ ನಾವು ಸಾಮಾನ್ಯವಾಗಿ ಹೇಳುವ ಮಾತು "ಅಣ್ಣನ ಜೊತೆ ಹೋಗು" ಅಥವಾ "ಡ್ರೈವರ್ ಮಾಮನ ಜೊತೆ ಹೋಗು". ಬಾಡಿಗೆಗೆ ಬಂದ ಟಿ.ಟಿ.ಯ ಚಾಲಕ ಅಂದು ಬೆಳಿಗ್ಗೆಯಷ್ಟೇ ನಮಗೆ ಪರಿಚಯವಾದವನು. ಹದಿನೈದು ವರ್ಷದ ಸಂಬಂಧಿ ಹುಡುಗ ಒಳ್ಳೆಯವನೇ ಇರಬಹುದು, ಹೆಚ್ಚಿನವರು ಒಳ್ಳೆಯವರೇ. ಹಾಗಂತ ಯಾರನ್ನೂ ಸಂಶಯದಿಂದ ನೋಡಿ, ಕುಟುಂಬಗಳಲ್ಲಿ ಒಡಕು ಹುಟ್ಟಿಸಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ವಾದ ಸರಳವಾದುದು. ಮಗುವಿನ ಹೊಣೆ ತಾಯಿ ತಂದೆಯದು. ಬಾಗಿಲು ಮುಚ್ಚಿಕೊಳ್ಳುವ ಜಾಗಕ್ಕೆ ಮಗುವನ್ನು ಕರೆದೊಯ್ಯುವ ಕೆಲಸವನ್ನು ಕೈಗೆ ಸಿಕ್ಕಿದವರಿಗೆ ಒಪ್ಪಿಸಬಾರದು. ಇದನ್ನು ಎಲ್ಲರಿಗೂ ಒಂದೇ ನಿಯಮವಾಗಿ ಇಟ್ಟುಕೊಂಡರೆ ಯಾರಿಗೂ ಅವಮಾನವಾಗುವುದಿಲ್ಲ.

ಸಂಶಯದ ವಿಷಯ ಬಂದಾಗ ಒಂದು ಪ್ರಕರಣವನ್ನು ನೆನಪಿಸಲೇಬೇಕು. 2017ರ ಸೆಪ್ಟೆಂಬರ್ 8ರಂದು ಹರಿಯಾಣದ ಗುರುಗ್ರಾಮದ ಶಾಲೆಯೊಂದರ ಶೌಚಾಲಯದಲ್ಲಿ ಏಳು ವರ್ಷದ ಬಾಲಕನ ಕೊಲೆ ನಡೆಯಿತು. ಅಂದೇ ಪೊಲೀಸರು ಶಾಲಾ ಬಸ್ಸಿನ ನಿರ್ವಾಹಕನನ್ನು ಬಂಧಿಸಿದರು. ದೇಶವೇ ಆ ಬಡವನನ್ನು ಶಪಿಸಿತು. ಟಿ.ವಿ. ವಾಹಿನಿಗಳು ಅವನಿಗೆ ಮರಣ ದಂಡನೆಯನ್ನೂ ವಿಧಿಸಿಬಿಟ್ಟವು. ತನಿಖೆ ಸಿಬಿಐ ಕೈಗೆ ಹೋದ ಮೇಲೆ ಅದೇ ಶಾಲೆಯ ಹಿರಿಯ ತರಗತಿಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ಪಡೆಯಲಾಯಿತು. ನಿರ್ವಾಹಕ ಜೈಲಿನಿಂದ ಹೊರಬಂದು ಆರೋಪಮುಕ್ತನಾದನು. ಅಪಾಯವೆಂದರೆ ಗುಡಿಸುವವನು, ಬಸ್ಸಿನವನು, ಲಾರಿಯವನು, ಬೇರೆ ಭಾಷೆಯ ಕೂಲಿಯವನು ಎಂದು ಮೊದಲೇ ತೀರ್ಮಾನಿಸಿಕೊಂಡರೆ ನಿಜವಾದ ಅಪಾಯ ಕಣ್ಣೆದುರೇ ಹಾದುಹೋಗುತ್ತದೆ. ಅಂದು ಸಕಲೇಶಪುರದಲ್ಲಿ ನಮ್ಮ ಮಗುವನ್ನು ಉಳಿಸಿದವರೂ ಒಬ್ಬ ಲಾರಿ ಚಾಲಕರೇ.

ಹಾಗೆಂದು ಮೈಮರೆಯುವಂತೆಯೂ ಇಲ್ಲ. 2024ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಬದ್ಲಾಪುರದ ಶಾಲೆಯೊಂದರ ಶೌಚಾಲಯದಲ್ಲಿ ನಾಲ್ಕರ ಪ್ರಾಯದ ಇಬ್ಬರು ಹೆಣ್ಣು ಮಕ್ಕಳ ಮೇಲೆ ದೌರ್ಜನ್ಯ ನಡೆಯಿತು. ಆರೋಪ ಹೊತ್ತವನು ಶುಚಿಗೊಳಿಸಲು ನೇಮಕಗೊಂಡಿದ್ದ ಪುರುಷ ಸಿಬ್ಬಂದಿ. ದೂರು ದಾಖಲಿಸಿಕೊಳ್ಳಲು ಪೋಷಕರನ್ನು ಗಂಟೆಗಟ್ಟಲೆ ಕಾಯಿಸಲಾಯಿತೆಂಬುದು ಜನರನ್ನು ರೈಲು ಹಳಿಗೆ ಇಳಿಸಿತು. ಮುಂದಿನ ತಿಂಗಳು ಆರೋಪಿ ಪೊಲೀಸರ ಗುಂಡಿಗೆ ಬಲಿಯಾದನು. ಗುಂಡು ಹಾರಿದ ಕೂಡಲೇ ನ್ಯಾಯ ಸಿಕ್ಕಿತೆಂದು ಸಂಭ್ರಮಿಸಿದವರಿದ್ದಾರೆ. ಆದರೆ ಪುಟ್ಟ ಹುಡುಗಿಯರ ಶೌಚಾಲಯಕ್ಕೆ ಮಹಿಳಾ ಸಹಾಯಕಿ ಯಾಕಿರಲಿಲ್ಲ ಎಂಬ ಪ್ರಶ್ನೆಗೆ ಗುಂಡು ಉತ್ತರವಾಗಲಾರದು.

ಇನ್ನು ಪ್ರತಿಯೊಬ್ಬ ತಾಯಿ ತಂದೆ ಎದುರಿಸುವ ಇಕ್ಕಟ್ಟು. ತಾಯಿಯ ಜೊತೆ ಗಂಡು ಮಗು, ತಂದೆಯ ಜೊತೆ ಹೆಣ್ಣು ಮಗು. ಎಲ್ಲಿಗೆ ಕರೆದೊಯ್ಯುವುದು? ಏಳೆಂಟು ವರ್ಷದವರೆಗಿನ ಗಂಡು ಮಗುವನ್ನು ತಾಯಿ ತನ್ನೊಂದಿಗೆ ಮಹಿಳೆಯರ ಕಡೆಗೆ ಕರೆದೊಯ್ಯುವುದರಲ್ಲಿ ತಪ್ಪೇನೂ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿರುವ ಮಹಿಳೆಯರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಮಕ್ಕಳಿಗೆ ಏಳನೆಯ ವಯಸ್ಸಿನಲ್ಲಿ ನಮಾಝ್ ಕಲಿಸಲು, ಹತ್ತಕ್ಕೆ ಹಾಸಿಗೆ ಬೇರ್ಪಡಿಸಲು ಪ್ರವಾದಿ(ಸ) ಸೂಚಿಸಿದ್ದಾರೆ. ಆರು ವರ್ಷದವನನ್ನು 'ಗಂಡಸು' ಎಂದು ತೀರ್ಮಾನಿಸಿ ಅಪರಿಚಿತ ಗಂಡಸರ ನಡುವೆ ಒಂಟಿಯಾಗಿ ಬಿಡುವುದಕ್ಕೆ ಧರ್ಮದ ಹೆಸರು ಹೇಳುವುದು ಸರಿಯಲ್ಲ.

ತಂದೆಯ ಜೊತೆಗಿರುವ ಹೆಣ್ಣು ಮಗುವಿನ ವಿಷಯ ಇನ್ನೂ ಕಠಿಣ. ಪುರುಷರ ಶೌಚಾಲಯದಲ್ಲಿ ಸಾಲಾಗಿ ನಿಂತವರ ನಡುವೆ ಮಗಳನ್ನು ಕರೆದೊಯ್ಯಲು ಯಾವ ತಂದೆಗೂ ಮನಸ್ಸಾಗದು. ಮಹಿಳೆಯರ ಬಾಗಿಲಲ್ಲಿ ನಿಂತು, ಒಳಹೋಗುವ ಯಾರೋ ಅಕ್ಕನಿಗೆ ಮಗುವನ್ನು ಒಪ್ಪಿಸುವವರಿದ್ದಾರೆ. ಸಾಧ್ಯವಾದಷ್ಟು ಇದನ್ನು ತಪ್ಪಿಸಬೇಕು. ಒಂದೇ ಕೋಣೆಯ, ಒಬ್ಬರೇ ಹೋಗುವ ಶೌಚಾಲಯವಿರುವ ಹೋಟೆಲು ಅಥವಾ ಪೆಟ್ರೋಲ್ ಬಂಕನ್ನು ಹುಡುಕಿ ವಾಹನ ನಿಲ್ಲಿಸುವುದು ಎಲ್ಲಕ್ಕಿಂತ ಒಳ್ಳೆಯದು. ಶೌಚಾಲಯ, ಕುಡಿಯುವ ನೀರು ಒದಗಿಸುವುದು ಬಂಕುಗಳಿಗೆ ತೈಲ ಕಂಪೆನಿಗಳ ನಿಯಮವೇ ಆಗಿದೆ. ಬೀಗ ಹಾಕಿದ್ದರೆ ಕೀಲಿಕೈ ಕೇಳಲು ಸಂಕೋಚ ಪಡಬೇಕಾಗಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ತಂದೆ ಮೊದಲು ಒಳಗೆ ಹೋಗಿ ನೋಡಿ, ಇದ್ದವರಿಗೆ ಒಂದು ಮಾತು ಹೇಳಿ, ಎರಡು ನಿಮಿಷ ಕಾದು, ಖಾಲಿಯಾದ ಮೇಲೆ ಮಗಳನ್ನು ಕರೆದೊಯ್ಯಬಹುದು. ಕೇಳಿದರೆ ಕೊಡದಷ್ಟು ಕೆಟ್ಟವರೇನೂ ಜನರು ಆಗಿಲ್ಲ. ಕೇಳುವ ನಾಲಗೆ ನಮಗಿರಬೇಕು ಅಷ್ಟೇ.

ಎಲ್ಲಿಗೇ ಹೋಗಲಿ, ದೊಡ್ಡವರು ಮೊದಲು ಒಳಗೆ ಹೋಗಿ ನೋಡುವುದು ಅಭ್ಯಾಸವಾಗಬೇಕು. ಇನ್ನೊಂದು ಬಾಗಿಲಿದೆಯೇ, ಚಿಲಕ ಮಗುವಿನ ಕೈಗೆ ಎಟಕುತ್ತದೆಯೇ, ಒಳಗಿನಿಂದ ಸಿಕ್ಕಿಹಾಕಿಕೊಳ್ಳುವಂತಿದೆಯೇ, ನೆಲ ಜಾರುತ್ತದೆಯೇ, ನೀರು ತುಂಬಿದ ತೆರೆದ ಡ್ರಮ್ಮು ಇದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು. ನೀರಿನ ಡ್ರಮ್ಮನ್ನು ನಾವು ಅಪಾಯವೆಂದು ಎಣಿಸುವುದೇ ಇಲ್ಲ. ಪುಟ್ಟ ಮಗು ಮುಳುಗಲು ಒಂದು ಬಕೆಟ್ ನೀರೇ ಸಾಕು. ತೀರಾ ಚಿಕ್ಕ ಮಗುವಾದರೆ ಒಳಗೇ ಜೊತೆಗಿರಬೇಕು. ತುಸು ದೊಡ್ಡದಾದರೆ ಚಿಲಕ ಹಾಕಿಸದೆ, ಬಾಗಿಲನ್ನು ಕೈಯಲ್ಲಿ ಹಿಡಿದು ಹೊರಗೆ ನಿಂತು ಮಾತನಾಡುತ್ತಿರಬೇಕು. ಮಗುವಿನ ದನಿ ಕೇಳುತ್ತಿರಬೇಕು, ಮಗುವಿಗೆ ನಮ್ಮ ದನಿ ಕೇಳುತ್ತಿರಬೇಕು. ಫೋನು ನೋಡುತ್ತಾ ನಿಂತರೆ ಅದು ಕಾವಲಲ್ಲ. ಮದ್ರಸ ಮತ್ತು ಶಾಲೆಗಳ ಪ್ರವಾಸದಲ್ಲಂತೂ ಐವತ್ತು ಮಕ್ಕಳಿಗೆ ಇಬ್ಬರು ಉಸ್ತಾದರನ್ನು ಕಳುಹಿಸಿ, ಶೌಚಾಲಯದ ಮುಂದೆ ಸೀಟಿ ಊದುವುದೇ ವ್ಯವಸ್ಥೆಯೆಂದು ತಿಳಿಯುವುದು ನಿಲ್ಲಬೇಕು. ಹೆಣ್ಣು ಮಕ್ಕಳಿರುವ ಬಸ್ಸಿನಲ್ಲಿ ಮಹಿಳಾ ಶಿಕ್ಷಕಿಯರಿಲ್ಲದಿದ್ದರೆ ಪ್ರವಾಸವೇ ಬೇಡ.

ಇವೆಲ್ಲ ಹೊರಗಿನ ಕಾವಲು. ಮಗುವಿನೊಳಗೆ ಕಾವಲುಗಾರನನ್ನು ನಿಲ್ಲಿಸುವುದು ಹೇಗೆ? ಇಲ್ಲಿಯೇ ನಮ್ಮ ಸಮುದಾಯ ಎಡವುತ್ತಿದೆ. ಗುಪ್ತಾಂಗಕ್ಕೆ ನಮ್ಮ ಮನೆಗಳಲ್ಲಿ ಹೆಸರೇ ಇಲ್ಲ. 'ಛೀ', 'ಶೇಮ್ ಶೇಮ್' ಎಂಬುದೇ ಹೆಸರು. ಹೆಸರೇ ಇಲ್ಲದ ಅಂಗವನ್ನು ಯಾರೋ ಮುಟ್ಟಿದರೆಂದು ಮಗು ಹೇಳುವುದಾದರೂ ಹೇಗೆ? ಹೇಳಿದರೆ ತನಗೇ 'ಛೀ' ಎನ್ನುತ್ತಾರೆಂದು ಮಗುವಿಗೆ ಗೊತ್ತು. ನಾವು ಹಯಾ ಎಂದು ತಿಳಿದಿರುವುದು ಬಹಳ ಸಲ ಬರೀ ಮೌನ. ಶುದ್ಧೀಕರಣದ ವಿವರಗಳನ್ನು, ಋತುಸ್ರಾವದ ನಿಯಮಗಳನ್ನು ಹದೀಸ್ ಗ್ರಂಥಗಳು ಯಾವ ಅಳುಕೂ ಇಲ್ಲದೆ ಚರ್ಚಿಸುತ್ತವೆ. ಪ್ರವಾದಿಯವರ(ಸ) ಬಳಿ ಮಹಿಳೆಯರು ನೇರವಾಗಿ ಬಂದು ಈ ವಿಷಯಗಳನ್ನು ಕೇಳುತ್ತಿದ್ದರು. ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯದ 58ನೇ ಸೂಕ್ತವು ಪ್ರೌಢರಾಗದ ಮಕ್ಕಳೂ ದಿನದ ಮೂರು ಹೊತ್ತುಗಳಲ್ಲಿ ದೊಡ್ಡವರ ಕೋಣೆಗೆ ಅನುಮತಿ ಪಡೆದೇ ಬರಬೇಕೆಂದು ನಿರ್ದೇಶಿಸುತ್ತದೆ. ಅಂದರೆ ಖಾಸಗಿತನ ಏನೆಂಬುದನ್ನು ಮಗುವಿಗೆ ಬಾಲ್ಯದಲ್ಲೇ ಬಾಯಿಬಿಟ್ಟು ತಿಳಿಸಬೇಕು ಎಂದಾಯಿತು. ಅದೇ ಪಾಠದ ಇನ್ನೊಂದು ಬದಿಯನ್ನು, ಅಂದರೆ ನಿನ್ನ ಖಾಸಗಿತನವನ್ನೂ ದೊಡ್ಡವರು ಗೌರವಿಸಬೇಕು ಎಂಬುದನ್ನು, ನಾವು ಮಗುವಿಗೆ ಯಾವತ್ತಾದರೂ ಹೇಳಿದ್ದೇವೆಯೇ?

ತೊಳೆಯುವಾಗ ತಾಯಿ ತಂದೆ, ಪರೀಕ್ಷಿಸುವಾಗ ಅವರೆದುರು ವೈದ್ಯರು, ಇವರಲ್ಲದೆ ಬೇರೆ ಯಾರೂ ಅಲ್ಲಿ ಮುಟ್ಟಬಾರದು. ಯಾರಾದರೂ ಮುಟ್ಟಿದರೆ, ತೋರಿಸು ಎಂದರೆ, ಫೋನಿನಲ್ಲಿ ಚಿತ್ರ ತೆಗೆದರೆ, ಜೋರಾಗಿ ಕೂಗಿ ಓಡಿ ಬರಬೇಕು. ಯಾರಿಗೂ ಹೇಳಬೇಡ ಎಂದರೆ ಅದನ್ನೇ ಮೊದಲು ಉಮ್ಮನಿಗೆ ಹೇಳಬೇಕು. ಇಷ್ಟನ್ನು ನಾಲ್ಕು ವರ್ಷದ ಮಗುವೂ ಕಲಿಯಬಲ್ಲುದು. ಹೇಳಿದಾಗ ನಾವು ನಂಬಬೇಕು. ಅಂದು ನಾವು ಮಾಡಿದಂತೆ ಮೊದಲು ಬೈದರೆ ಎರಡನೆಯ ಸಲ ಮಗು ಹೇಳುವುದಿಲ್ಲ.

ಅಲ್ಲಾಹನು ರಕ್ಷಿಸಲಿ, ಒಂದು ವೇಳೆ ಏನಾದರೂ ನಡೆದುಬಿಟ್ಟರೆ ನಮ್ಮಲ್ಲಿ ಮೊದಲು ಏಳುವ ಮಾತು 'ಹೊರಗೆ ಗೊತ್ತಾಗಬಾರದು' ಎಂಬುದು. ಆಮೇಲೆ ಇಬ್ಬರು ಹಿರಿಯರು, ಒಂದು ಕಮಿಟಿ, ಒಂದು ರಾಜಿ. ಇದು ಮಗುವಿಗೆ ಬಗೆಯುವ ಎರಡನೆಯ ಅನ್ಯಾಯ, ಕಾನೂನಿನ ಪ್ರಕಾರ ಅಪರಾಧವೂ ಹೌದು. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆ ಗಂಡು ಹೆಣ್ಣೆಂಬ ಭೇದವಿಲ್ಲದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಅದರ 19ನೇ ಕಲಮಿನ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸವಿದೆ. ಮಗುವನ್ನು ಠಾಣೆಗೆ ಅಲೆಸುತ್ತಾರೆಂಬ ಭಯವೂ ಬೇಡ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಇಷ್ಟಪಟ್ಟ ಜಾಗದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಪಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಮಗುವಿನ ಹೆಸರು, ವಿಳಾಸ, ಶಾಲೆ ಯಾವುದನ್ನೂ ಮಾಧ್ಯಮಗಳು ಪ್ರಕಟಿಸುವಂತಿಲ್ಲ. ಪ್ರವಾಸಿಗರು ತಿಳಿದಿರಬೇಕಾದ ಇನ್ನೊಂದು ಸಂಗತಿ, ಘಟನೆ ಸಕಲೇಶಪುರದಲ್ಲಿ ನಡೆದಿದ್ದರೂ ಮಂಗಳೂರಿನ ಠಾಣೆಯಲ್ಲಿ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇದಕ್ಕೆ ಸ್ಪಷ್ಟ ಅವಕಾಶವಿದೆ. ವೈದ್ಯರ ಪರೀಕ್ಷೆಗೆ ಮೊದಲು ಮಗುವಿಗೆ ಸ್ನಾನ ಮಾಡಿಸಬಾರದು, ಬಟ್ಟೆ ಒಗೆಯಬಾರದು. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112 ಎರಡನ್ನೂ ಪ್ರತಿ ತಾಯಿಯ ಫೋನಿನಲ್ಲಿ ಬರೆದಿಡಿ.

ಎಲ್ಲವನ್ನೂ ತಾಯಿ ತಂದೆಯ ತಲೆಗೇ ಕಟ್ಟಿ ಸರಕಾರ ಕೈತೊಳೆದುಕೊಳ್ಳುವಂತಿಲ್ಲ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನ ಮನೆಮನೆಗೆ ಶೌಚಾಲಯ ಕಟ್ಟಿಸಿತು. ಮನೆಯಿಂದ ಹೊರಗೆ ಹೊರಟವರ ಪಾಡು ಹೆಚ್ಚೇನೂ ಬದಲಾಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ 'ಹಮ್‌ಸಫರ್' ಎಂಬ ನೀತಿಯನ್ನು ಪ್ರಕಟಿಸಿ, ರಾಷ್ಟ್ರೀಯ ಹೆದ್ದಾರಿಗಳ ಬದಿಯಲ್ಲಿ ಶುಚಿಯಾದ ಶೌಚಾಲಯ, ಶಿಶು ಆರೈಕೆ ಕೋಣೆ ಇರಬೇಕೆಂದಿತು. ಒಳ್ಳೆಯದೇ. ವರ್ಷಗಟ್ಟಲೆ ಅಗಲೀಕರಣದ ಧೂಳು ತಿಂದ ಹಾಸನ-ಮಾರನಹಳ್ಳಿ ರಸ್ತೆಯ ಪ್ರಯಾಣಿಕರು ಆ ನೀತಿ ತಮ್ಮ ಘಾಟಿಗೂ ಇಳಿದು ಬರಲೆಂದು ಕೇಳುವ ಹಕ್ಕುಳ್ಳವರು. ಸಕಲೇಶಪುರ ತಾಲೂಕಿನ ಹಳ್ಳಗಳ ನೀರನ್ನು ಬಯಲುಸೀಮೆಗೆ ಸಾಗಿಸುವ, 23 ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಅಂದಾಜಿನ ಎತ್ತಿನಹೊಳೆ ಯೋಜನೆಯ ಮೊದಲ ಹಂತವನ್ನು 2024ರ ಸೆಪ್ಟೆಂಬರ್ 6ರಂದು ಉದ್ಘಾಟಿಸಲಾಯಿತು. ಅದೇ ತಾಲೂಕಿನ ಪ್ರವಾಸಿ ತಾಣಗಳ ಶೌಚಾಲಯದ ನಲ್ಲಿಯಲ್ಲಿ ಹಗಲಿಡೀ ನೀರು ಬರುವಂತೆ ಮಾಡಲು, ಒಬ್ಬ ಸಹಾಯಕಿಯನ್ನು ಕೂರಿಸಲು ಎಷ್ಟು ಕೋಟಿ ಬೇಕು?

ಶೌಚಾಲಯ ನಮ್ಮಲ್ಲಿ ರಾಜಕೀಯ ವಿಷಯವಾಗುವುದೇ ಇಲ್ಲವೆಂದಲ್ಲ. 2023ರ ಜುಲೈನಲ್ಲಿ ಉಡುಪಿಯ ಕಾಲೇಜೊಂದರ ಶೌಚಾಲಯದಲ್ಲಿ ಸಹಪಾಠಿಯ ವಿಡಿಯೋ ತೆಗೆದ ಆರೋಪ ಕೇಳಿಬಂದಾಗ ವಾರಗಟ್ಟಲೆ ಅದೇ ಸುದ್ದಿಯಾಯಿತು. ಯಾರು ಮಾಡಿದರೂ ಅದು ತಪ್ಪೇ, ಅದರ ವಿಚಾರಣೆ ಕಾನೂನಿನ ಕೆಲಸ. ಆದರೆ ಅಂದು ಬೀದಿಗಿಳಿದವರು ನೋಡಿದ್ದು ವಿದ್ಯಾರ್ಥಿನಿಯರ ಧರ್ಮವನ್ನು. ಶೌಚಾಲಯಕ್ಕೆ ಫೋನು ಒಯ್ಯುವುದನ್ನು ಹೇಗೆ ತಡೆಯಬೇಕು, ಮಕ್ಕಳ ಖಾಸಗಿತನವನ್ನು ಹೇಗೆ ಕಾಪಾಡಬೇಕು ಎಂಬ ಚರ್ಚೆ ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ.

ಸರಕಾರವನ್ನು ಕೇಳುವ ನಾವು ನಮ್ಮ ಕೈಯಲ್ಲಿರುವುದನ್ನೂ ನೋಡಿಕೊಳ್ಳಬೇಕು. ಈ ಹೆದ್ದಾರಿಯ ಉದ್ದಕ್ಕೂ ಊರೂರಿನಲ್ಲಿ ಮಸೀದಿಗಳಿವೆ. ಹೆಚ್ಚಿನ ಕಡೆ ಶೌಚಾಲಯವಿದೆ, ನೀರಿದೆ, ವಿದ್ಯುತ್ ಇದೆ, ನೋಡಿಕೊಳ್ಳುವವರಿದ್ದಾರೆ. ಆದರೆ ಅದು ಗಂಡಸರಿಗೆ ಮಾತ್ರ. ಪ್ರಯಾಣದ ನಡುವೆ ಗಂಡಸರು ಒಳಗೆ ಹೋಗಿ ವುಝೂ ಮಾಡಿ ನಮಾಝ್ ಮುಗಿಸಿ ಬರುವಷ್ಟು ಹೊತ್ತು ಹೆಂಗಸರೂ ಮಕ್ಕಳೂ ವಾಹನದಲ್ಲೇ ಕುಳಿತಿರುತ್ತಾರೆ. 2019ರ ಆಗಸ್ಟ್‌ನಲ್ಲಿ ಕೇರಳದ ಕವಳಪ್ಪಾರದಲ್ಲಿ ಗುಡ್ಡ ಕುಸಿದಾಗ ಪೋತ್ತುಕಲ್ಲಿನ ಮಸೀದಿಯೊಂದು ತನ್ನ ಪ್ರಾರ್ಥನಾ ಸ್ಥಳವನ್ನೇ ಎಲ್ಲ ಧರ್ಮೀಯರ ಮೃತದೇಹಗಳ ಮರಣೋತ್ತರ ಪರೀಕ್ಷೆಗೆ ಬಿಟ್ಟುಕೊಟ್ಟಿತು. ಆ ಸುದ್ದಿಯನ್ನು ನಾವು ಅಭಿಮಾನದಿಂದ ಹಂಚಿಕೊಂಡೆವು. ಮೃತರಿಗೆ ತೆರೆದ ಬಾಗಿಲನ್ನು ಜೀವಂತ ಮಕ್ಕಳಿಗೆ ತೆರೆಯಲು ನಮಗೇನು ಅಡ್ಡಿ? ಮಸೀದಿಯ ಒಳಾವರಣಕ್ಕೆ ಬರಬೇಕೆಂದಿಲ್ಲ. ಕಂಪೌಂಡಿನ ರಸ್ತೆ ಬದಿಯಲ್ಲಿ ಎರಡು ಕೋಣೆ ಸಾಕು. ಹಿಂಬಾಗಿಲಿಲ್ಲದ, ದೀಪವಿರುವ, ಮಗುವಿನ ಎತ್ತರಕ್ಕೆ ಚಿಲಕವಿರುವ, ತಾಯಿ ಮಗು ಒಟ್ಟಿಗೆ ನಿಲ್ಲುವಷ್ಟು ಅಗಲವಿರುವ ಎರಡು ಕೋಣೆ. ಯಾವ ಧರ್ಮದ ಪ್ರಯಾಣಿಕರೂ ಬಳಸಬಹುದೆಂದು ಕನ್ನಡದಲ್ಲಿ ಒಂದು ಫಲಕ. ಸಂಜೆ ಬೀಗ ಹಾಕಿ ಬೆಳಿಗ್ಗೆ ತೆಗೆಯಲು, ದಿನಕ್ಕೆರಡು ಸಲ ತೊಳೆಯಲು ಊರಿನ ಒಬ್ಬ ವಿಧವೆಗೋ ಬಡ ಮಹಿಳೆಗೋ ಸಂಬಳದ ಕೆಲಸ.

ಮಿನಾರದ ಎತ್ತರ ಹೆಚ್ಚಿಸಲು, ಮುಖದ್ವಾರಕ್ಕೆ ಅಮೃತಶಿಲೆ ಹಾಕಲು ಚಂದಾ ಎತ್ತುವ ಜಮಾಅತ್‌ಗಳಿಗೆ ಇದು ದೊಡ್ಡ ಮೊತ್ತವಲ್ಲ. ಗುಂಡ್ಯದಿಂದ ಸಕಲೇಶಪುರ, ಆಲೂರು ದಾಟಿ ಹಾಸನದವರೆಗಿನ ದಾರಿಯಲ್ಲಿ ನಾಲ್ಕು ಜಮಾಅತ್‌ಗಳು ಮನಸ್ಸು ಮಾಡಿದರೆ ಈ ಘಾಟಿ ಹತ್ತುವ ತಾಯಂದಿರು ಬೆಳಗಿನಿಂದ ಬಾಯಾರಿ ಕುಳಿತಿರಬೇಕಾಗಿಲ್ಲ. ಮುಂದಿನ ಮಹಾಸಭೆಯ ಲೆಕ್ಕಪತ್ರದಲ್ಲಿ ಇದಕ್ಕೊಂದು ಸಾಲು ಬರೆಯಲು ಹೇಳುವವರು ಯಾರು? ಮಹಾಸಭೆಗೆ ಹೋಗುವವರು ಗಂಡಸರು. ಆದ್ದರಿಂದ ಹೋಗುವ ಮೊದಲು ಮನೆಯ ಹೆಂಗಸರನ್ನು ಒಂದು ಮಾತು ಕೇಳಿಕೊಂಡು ಹೋಗಲಿ.